ಟ್ಯಾಪೆಟ್ ಎಷ್ಟು ಸಲ ಸೆಟ್ ಮಾಡಿದ್ರೂ ಕಟಕಟ: ಕ್ಯಾಮ್ ಸವೆದಿರಬಹುದಾ?

ಹಳೇ_ಸ್ಟೀರಿಂಗ್

ಎಲ್ಲರಿಗೂ ನಮಸ್ಕಾರ. ಗಾಡಿ ಅಂಬಾಸಿಡರ್, 1489 ಸಿಸಿ ಪೆಟ್ರೋಲ್ ಎಂಜಿನ್. ಮೂರು ತಿಂಗಳಿಂದ ಒಂದೇ ಗೋಳು. ರಾಕರ್ ಕವರ್ ಕೆಳಗಿಂದ ಕಟಕಟ ಸದ್ದು, ಐಡ್ಲಿಂಗಲ್ಲಿ ಒಂದು ಸಿಲಿಂಡರ್ ಮಿಸ್ಸಿಂಗ್. ಏರಿನಲ್ಲಿ ಆಕ್ಸಿಲರೇಟರ್ ಒತ್ತಿದರೆ ಕಾರ್ಬೊರೇಟರ್ ಒಳಗಿಂದ ಯಾರೋ ಕೆಮ್ಮಿದ ಹಾಗೆ ಪುಸ್ ಪುಸ್ ಅನ್ನತ್ತೆ.

ಪ್ಲಗ್, ಪಾಯಿಂಟ್, ಕಂಡೆನ್ಸರ್ ಮೂರೂ ಹೊಸದು. ಕಾರ್ಬೊರೇಟರ್ ಎರಡು ಸಲ ಬಿಚ್ಚಿ ತೊಳೆದಾಯ್ತು. ಕಂಪ್ರೆಷನ್ ನಾಲ್ಕೂ ಸಿಲಿಂಡರಲ್ಲಿ ಹೆಚ್ಚುಕಮ್ಮಿ ಒಂದೇ. ಟ್ಯಾಪೆಟ್ ಕ್ಲಿಯರೆನ್ಸ್ (ವಾಲ್ವ್ ತಲೆಗೂ ಅದನ್ನ ಒತ್ತೋ ರಾಕರ್ ಆರ್ಮಿಗೂ ನಡುವಿನ ಸಂದು) ಮೂರು ಸಲ 15 ಥೌಗೆ, ಅಂದ್ರೆ ಇಂಚಿನ ಸಾವಿರದಲ್ಲಿ 15 ಭಾಗಕ್ಕೆ, ಸೆಟ್ ಮಾಡಿದೆ. ಮುಂದಿನಿಂದ ಎಣಿಸಿದರೆ ಐದನೇ ವಾಲ್ವ್ ಮಾತ್ರ ಪ್ರತಿ ಸಲವೂ ಸ್ವಲ್ಪ ಲೂಸ್ ಆಗಿರತ್ತೆ, ಉಳಿದ ಏಳು ಅಲ್ಲಾಡಲ್ಲ. ಮೆಕ್ಯಾನಿಕ್ ನೋಡಿ "ಕ್ಯಾಮ್ ಹೋಗಿದೆ, ಎಂಜಿನ್ ಇಳಿಸಿ" ಅಂದ್ರು (ಕ್ಯಾಮ್ ಅಂದ್ರೆ ವಾಲ್ವ್‌ಗಳನ್ನ ತೆರೆಸೋ ಉಬ್ಬುಗಳಿರೋ ಶಾಫ್ಟ್). ಸದ್ದು ಕೇಳಿದ್ದಷ್ಟೇ, ಏನೂ ಬಿಚ್ಚಿ ನೋಡಲಿಲ್ಲ. ಎಂಜಿನ್ ಇಳಿಸೋ ಮೊದಲು ಖಾತ್ರಿ ಮಾಡ್ಕೊಳ್ಳೋದು ಹೇಗೆ?

ಪಾಯಿಂಟ್_ಕಂಡೆನ್ಸರ್

ಅಷ್ಟು ಬೇಗ ಕ್ಯಾಮ್ ಮೇಲೆ ಆಪಾದನೆ ಹೊರಿಸಬೇಡಿ. ಕಾರ್ಬೊರೇಟರಲ್ಲಿ ಉಗುಳೋದು ಅಂದ್ರೆ ನೂರಕ್ಕೆ ತೊಂಬತ್ತು ಸಲ ಮಿಕ್ಸ್ಚರ್ ಲೀನ್ ಆಗಿದೆ (ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ), ಇಲ್ಲಾ ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಗಾಳಿ ಎಳೀತಿದೆ. ಕ್ಯಾಮ್ ತಿರುಗಿಸೋ ಟೈಮಿಂಗ್ ಚೈನ್ ಜೋತುಬಿದ್ರೂ ಪಿಕಪ್ ಹೋಗತ್ತೆ. ಮೊದಲು ಅದನ್ನ ನೋಡಿ. ಟ್ಯಾಪೆಟ್ ಕ್ಲಿಯರೆನ್ಸ್ ಸೆಟ್ ಆಗ್ತಿದೆ ತಾನೇ? ಹಾಗಿದ್ರೆ ಕ್ಯಾಮ್ ಸರಿ ಇದೆ ಅಂತಲೇ ಲೆಕ್ಕ.

ಬೆಂಚ್_ವೈಸ್

ಚೈನ್ ಜೋತುಬಿದ್ದರೆ ಎಂಟೂ ವಾಲ್ವಿನ ಟೈಮಿಂಗ್ ಒಟ್ಟಿಗೆ ಹಿಂದೆ ಬೀಳುತ್ತದೆ, ಒಂದೇ ಸಿಲಿಂಡರ್ ಮಿಸ್ಸಿಂಗ್ ಆಗುವುದಿಲ್ಲ. ಆ ಕೊನೇ ಸಾಲನ್ನಂತೂ ಒಪ್ಪುವುದಕ್ಕಾಗುವುದಿಲ್ಲ ಸರ್. ಲೇತ್ ಮುಂದೆ ನಿಂತ ಕಾಲದಲ್ಲಿ ಇದೇ ಲೆಕ್ಕ ನಂಬಿಕೊಂಡು ಬಂದವರನ್ನು ಬಹಳ ನೋಡಿದ್ದೇನೆ.

ಕ್ಲಿಯರೆನ್ಸ್ ನೋಡುವುದು ಯಾವಾಗ? ವಾಲ್ವ್ ಪೂರ್ತಿ ಮುಚ್ಚಿದ್ದಾಗ. ಆಗ ಟ್ಯಾಪೆಟ್ (ಕ್ಯಾಮ್ ಮೇಲೆ ಕೂತು, ಪುಶ್‌ರಾಡ್ ಎಂಬ ಸರಳಿನ ಮೂಲಕ ರಾಕರನ್ನು ಎತ್ತುವ ಸಣ್ಣ ಉರುಳೆ) ಕೂತಿರುವುದು ಲೋಬಿನ, ಅಂದರೆ ಕ್ಯಾಮಿನ ಮೊಟ್ಟೆಯಾಕಾರದ ಉಬ್ಬಿನ, ಬೆನ್ನಿನ ಮೇಲೆ, ದುಂಡಗಿರುವ ಭಾಗದಲ್ಲಿ. ಸವೆಯುವುದು ಮೂಗು. ಮೂಗು ಅರ್ಧ ಹೋಗಿದ್ದರೂ ಬೆನ್ನು ಹಾಗೇ ಇರುತ್ತದೆ, ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ಸುಖವಾಗಿ 15 ಥೌ ತೋರಿಸುತ್ತದೆ. ಕಂಪ್ರೆಷನ್ ಕೂಡ ಅಷ್ಟೇ. ಅದು ವಾಲ್ವ್ ಮುಚ್ಚಿದಾಗ ಗಾಳಿ ಹಿಡಿಯುತ್ತದೆಯೇ ಎಂದು ಹೇಳುತ್ತದೆ, ಎಷ್ಟು ತೆರೆಯುತ್ತಿದೆ ಎಂದು ಹೇಳುವುದಿಲ್ಲ.

ಇನ್ನು ಐದನೆಯದು ಮಾತ್ರ ಮತ್ತೆ ಮತ್ತೆ ಲೂಸ್ ಆಗುತ್ತಿದೆ ಅಂದಿರಿ. ಬೆನ್ನು ಸವೆಯದಿದ್ದರೆ ಅಂತರ ಯಾಕೆ ಹೆಚ್ಚುತ್ತಿದೆ? ಟ್ಯಾಪೆಟ್ಟಿನ ತಳ ಸವೆಯುತ್ತಿದೆ ಎಂದು ನನ್ನ ಊಹೆ. ತಳ ಸವೆದಿದ್ದರೆ ಅದರ ಜೋಡಿ ಲೋಬ್ ನೆಟ್ಟಗಿರುವುದಿಲ್ಲ. ಈ ಎಂಜಿನ್ ಬ್ರಿಟನ್ನಿನ ಬಿಎಂಸಿ ಕಂಪನಿಯ ಬಿ-ಸೀರೀಸ್ ಕುಲದ್ದು. ವಾಲ್ವುಗಳ ಸಾಲು ಮುಂದಿನಿಂದ ಎಕ್ಸಾಸ್ಟ್, ಇನ್ಲೆಟ್, ಇನ್ಲೆಟ್, ಎಕ್ಸಾಸ್ಟ್, ಆಮೇಲೆ ಅದೇ ಕ್ರಮ ಇನ್ನೊಂದು ಸಲ. ಹಾಗಾಗಿ ಐದನೆಯದು ಮೂರನೇ ಸಿಲಿಂಡರಿನ ಎಕ್ಸಾಸ್ಟ್. ಎಕ್ಸಾಸ್ಟ್ ಸರಿಯಾಗಿ ತೆರೆಯದಿದ್ದರೆ ಸುಟ್ಟ ಗ್ಯಾಸು ಒಳಗೇ ಉಳಿಯುತ್ತದೆ. ಇನ್ಲೆಟ್ ತೆರೆದ ಕ್ಷಣ ಆ ಒತ್ತಡ ಕಾರ್ಬೊರೇಟರ್ ಕಡೆಗೆ ನುಗ್ಗುತ್ತದೆ. ನಿಮ್ಮ ಕೆಮ್ಮಿನ ಮೂಲ ಇದೇ ಇರಬಹುದು.

ಮೂರನೇ_ಗೇರ್

ಬೆಂಚ್ ವೈಸ್ ಅವರು ಹೇಳಿದ್ದು ಸರಿ ಮಾರಾಯ್ರೆ, ಆದ್ರೆ ಎಂಜಿನ್ ಇಳಿಸುವ ಮೊದಲು ರಾಕರ್ ಆರ್ಮಿನ ಮೂತಿ ಒಮ್ಮೆ ಬೆರಳಲ್ಲಿ ಸವರಿ ನೋಡಿ. ವಾಲ್ವ್ ತಲೆ ಬಡಿದು ಬಡಿದು ಅಲ್ಲಿ ಸಣ್ಣ ಗುಂಡಿ ಬಿದ್ದಿರ್ತದೆ. ಫೀಲರ್ ಪಟ್ಟಿ ಆ ಗುಂಡಿಯ ಎರಡು ದಂಡೆ ಮೇಲೆ ಸೇತುವೆ ಹಾಗೆ ಕೂತ್ಕೊಳ್ತದೆ. ನೀವು 15 ಅಂತ ಸೆಟ್ ಮಾಡ್ತೀರಿ, ನಿಜಕ್ಕೆ ಅಲ್ಲಿ 20 ಇರ್ತದೆ. ನಾನು ಇದೇ ಗುಂಡಿ ಕಾಣದೆ ಒಂದು ವರ್ಷ ಟ್ಯಾಪೆಟ್ ಸೆಟ್ ಮಾಡಿದವ. ರಾಕರ್ ಶಾಫ್ಟಿನ ಕೆಳಮೈಯೂ ಸವೆದಿರ್ತದೆ, ಮೇಲಿಂದ ನೋಡಿದ್ರೆ ಫಳಫಳ ಅಂತದೆ.

ಹಳೇ_ಸ್ಟೀರಿಂಗ್

ರಾಕರ್ ಮೂತಿಯಲ್ಲಿ ಗುಂಡಿ ಇದೆ, ಆದರೆ ಎಂಟರಲ್ಲೂ ಸ್ವಲ್ಪ ಸ್ವಲ್ಪ. ಐದರಲ್ಲೇ ಜಾಸ್ತಿ ಅಂತೇನಿಲ್ಲ. ಲಿಫ್ಟ್, ಅಂದ್ರೆ ಲೋಬ್ ಎಷ್ಟು ಎತ್ತತ್ತೆ ಅಂತ, ಅಳೆಯೋಕೆ ರಾಕರ್ ಅಸೆಂಬ್ಲಿ ತೆಗೀಲೇಬೇಕಾ?

ಬೆಂಚ್_ವೈಸ್

ಬೇಡ, ದಯವಿಟ್ಟು ಆತುರದಲ್ಲಿ ರಾಕರ್ ನಟ್ ಬಿಚ್ಚಬೇಡಿ. ಈ ಎಂಜಿನ್ನಲ್ಲಿ ರಾಕರ್ ಬ್ರಾಕೆಟ್ಟಿನ ನಾಲ್ಕು ನಟ್ಟುಗಳು ಸಿಲಿಂಡರ್ ಹೆಡ್ಡನ್ನೂ ಹಿಡಿದಿವೆ. ಅವನ್ನಷ್ಟೇ ಸಡಿಲಿಸಿದರೆ ಹೆಡ್ ಒಂದು ಕಡೆ ಎದ್ದು ಗ್ಯಾಸ್ಕೆಟ್ ಹೋಗುತ್ತದೆ, ನೀರು ಸಿಲಿಂಡರಿಗೆ ಇಳಿಯುತ್ತದೆ. ತೆಗೆಯಲೇಬೇಕಾದಾಗ ಮೊದಲು ರೇಡಿಯೇಟರ್ ನೀರು ಖಾಲಿ ಮಾಡಿ, ಹೆಡ್ಡಿನ ಎಲ್ಲಾ ನಟ್ಟುಗಳನ್ನೂ ಕ್ರಮವಾಗಿ ಸ್ವಲ್ಪ ಸ್ವಲ್ಪ ಸಡಿಲಿಸಬೇಕು.

ನಿಮಗೆ ಬೇಕಿರುವುದು ಒಂದು ಡಯಲ್ ಗೇಜ್ (ಮೊನೆ ಎಷ್ಟು ಸರಿಯಿತೆಂದು ಮುಳ್ಳಿನಲ್ಲಿ ತೋರಿಸುವ ಮೀಟರ್), ಅದನ್ನು ಅಲ್ಲಾಡದಂತೆ ಹಿಡಿಯುವ ಸ್ಟ್ಯಾಂಡ್. ನಾಲ್ಕೂ ಪ್ಲಗ್ ತೆಗೆಯಿರಿ. ಎಂಟೂ ಟ್ಯಾಪೆಟ್ ಒಂದೇ ಕ್ಲಿಯರೆನ್ಸಿಗೆ ಸೆಟ್ ಮಾಡಿ. ಇಲ್ಲಿ ಒಂಬತ್ತರ ಲೆಕ್ಕ ಗೊತ್ತಿರಲಿ: ಎಂಟನೆಯದು ಪೂರ್ತಿ ತೆರೆದಾಗ ಒಂದನೆಯದನ್ನು ಸೆಟ್ ಮಾಡುವುದು, ನಾಲ್ಕನೆಯದು ತೆರೆದಾಗ ಐದನೆಯದನ್ನು. ಆಮೇಲೆ ಗೇಜಿನ ಮೊನೆಯನ್ನು ರಾಕರಿನ ಪುಶ್‌ರಾಡ್ ಕಡೆಯ ಅಡ್ಜಸ್ಟರ್ ಸ್ಕ್ರೂ ತಲೆಗೆ ಇಡಿ, ಪುಶ್‌ರಾಡಿನ ನೇರಕ್ಕೆ. ವಾಲ್ವ್ ಕಡೆ ಇಟ್ಟರೆ ಮೂತಿಯ ಗುಂಡಿಯೂ ಲೆಕ್ಕದಲ್ಲಿ ಸೇರಿಕೊಳ್ಳುತ್ತದೆ. ಹ್ಯಾಂಡಲ್ ಹಾಕಿ ನಿಧಾನಕ್ಕೆ ಎರಡು ಸುತ್ತು ತಿರುಗಿಸಿ, ಅತಿ ಕೆಳಗಿನ ಮತ್ತು ಅತಿ ಮೇಲಿನ ಅಂಕಿ ಬರೆದುಕೊಳ್ಳಿ. ಪುಸ್ತಕದ ಅಂಕಿ ಹುಡುಕುವ ಅವಶ್ಯಕತೆ ಇಲ್ಲ. ಇನ್ಲೆಟ್ಟನ್ನು ಇನ್ಲೆಟ್ಟಿಗೆ, ಎಕ್ಸಾಸ್ಟನ್ನು ಎಕ್ಸಾಸ್ಟಿಗೆ ಹೋಲಿಸಿದರೆ ಸಾಕು.

ಪಾಯಿಂಟ್_ಕಂಡೆನ್ಸರ್

ಡಯಲ್ ಗೇಜ್ ನನ್ನ ಹತ್ರ ಇದೆ, ಬೇಕಾದ್ರೆ ಕಳಿಸ್ತೀನಿ. ಎಂಟೂ ಒಂದೇ ಅಂಕಿ ಬರತ್ತೆ ಅಂತ ನನ್ನ ಪಂಥ.

ಹಳೇ_ಸ್ಟೀರಿಂಗ್

ಗೇಜ್ ತಲುಪಿತು, ಥ್ಯಾಂಕ್ಸ್ ಸರ್. ಒಂದೊಂದನ್ನೂ ಮೂರು ಸಲ ಅಳೆದೆ. ಮಿಲಿಮೀಟರಲ್ಲಿ ಮುಂದಿನಿಂದ ಹಿಂದಕ್ಕೆ: 6.02, 6.05, 6.04, 5.98, 3.61, 6.06, 6.03, 5.64.

ಐದನೇದು ಓದಿದಾಗ ಗೇಜ್ ಜಾರಿದೆ ಅಂತಲೇ ಅಂದುಕೊಂಡೆ. ಸ್ಟ್ಯಾಂಡ್ ಬದಲಿಸಿ ಮತ್ತೆ ಅಳೆದೆ. 3.61, 3.60, 3.61.

ಮೂರನೇ_ಗೇರ್

ಅಯ್ಯೋ ದೇವರೇ. ಅದು ಲೋಬ್ ಅಲ್ಲ, ಬಳೆ.

ಪಾಯಿಂಟ್_ಕಂಡೆನ್ಸರ್

ಸೋತೆ. ಆದ್ರೆ ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಹೆಂಗೂ ಬಿಚ್ತೀರಲ್ಲ, ಅದನ್ನೂ ಹೊಸದು ಹಾಕಿ :)

ಬೆಂಚ್_ವೈಸ್

ಐದನೆಯದು ಮುಗಿದ ಕಥೆ. ಎಂಟನೆಯದನ್ನೂ ಗಮನಿಸಿ, ಅದೂ ಸುಮಾರು 0.4 ಮಿ.ಮೀ. ಕಡಿಮೆ, ಹಾದಿ ಹಿಡಿದಿದೆ. ಲೋಬಿನಲ್ಲಿ 2.4 ಮಿ.ಮೀ. ಹೋದರೆ ವಾಲ್ವಿನಲ್ಲಿ ಅದಕ್ಕಿಂತ ಹೆಚ್ಚು ಹೋಗುತ್ತದೆ, ಯಾಕೆಂದರೆ ರಾಕರ್ ಅದನ್ನು ಸುಮಾರು 1.4 ಪಟ್ಟು ಮಾಡಿ ದಾಟಿಸುತ್ತದೆ.

ಈಗಲೇ ಎಣ್ಣೆ ಇಳಿಸಿ ಫಿಲ್ಟರ್ ಎಲಿಮೆಂಟ್ ಕತ್ತರಿಸಿ ನೋಡಿ, ಮಡಿಕೆಗಳ ನಡುವೆ ಬೂದುಪುಡಿ ಸಿಗಬಹುದು. ಅಯಸ್ಕಾಂತ ಹಿಡಿಯಿರಿ. ಅಂಟಿದರೆ ಕ್ಯಾಮ್, ಟ್ಯಾಪೆಟ್ಟಿನ ಪುಡಿ. ಅಂಟದೆ ಹೊಳೆಯುತ್ತಿದ್ದರೆ ಬೇರಿಂಗ್ ಕಡೆಯೂ ನೋಡಬೇಕು.

ಹೊಸ_ಪಾನಾ

ನಾನು ಈ ಕೆಲಸಕ್ಕೆ ಹೊಸಬ, ತಪ್ಪು ಕೇಳಿದ್ರೆ ಕ್ಷಮಿಸಿ. ಈ ಎಂಜಿನ್ನಿಗೆ ಪಕ್ಕದಲ್ಲಿ ಟ್ಯಾಪೆಟ್ ಕವರ್ ಇದೆಯಲ್ಲ? ಅಲ್ಲಿಂದ ಐದನೇ ಟ್ಯಾಪೆಟ್ ಒಂದನ್ನೇ ತೆಗೆದು ಹೊಸದು ಹಾಕಿದ್ರೆ ಕ್ಯಾಮ್ ತಂಟೆಗೇ ಹೋಗಬೇಕಾಗಿಲ್ಲ ಅಲ್ವಾ?

ಬೆಂಚ್_ವೈಸ್

ತೆಗೆಯಬಹುದು, ಆ ಅನುಕೂಲ ಇದೆ. ಆದರೆ ಹಾಕಬಾರದು. ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಎಲ್ಲರೂ ಎಡವುವುದು ಇಲ್ಲೇ.

ಟ್ಯಾಪೆಟ್ಟಿನ ತಳ ಕಣ್ಣಿಗೆ ಚಪ್ಪಟೆ ಕಾಣುತ್ತದೆ, ನಿಜಕ್ಕೆ ಬಹಳ ಸಣ್ಣ ಉಬ್ಬು ಕೊಟ್ಟು ಗ್ರೈಂಡ್ ಮಾಡಿರುತ್ತಾರೆ. ಎರಡು ಹೊಸ ಟ್ಯಾಪೆಟ್ ತಳಕ್ಕೆ ತಳ ಜೋಡಿಸಿ ಬೆಳಕಿಗೆ ಹಿಡಿದರೆ ಅಂಚಿನಲ್ಲಿ ಕೂದಲೆಳೆ ಬೆಳಕು ಕಾಣುತ್ತದೆ. ಲೋಬಿಗೂ ಅಗಲದ ಉದ್ದಕ್ಕೆ ಒಂದೆರಡು ಥೌ ಇಳಿಜಾರು. ಲೋಬಿನ ನಡು ಟ್ಯಾಪೆಟ್ಟಿನ ನಡುವಿಗೆ ಸರಿಯಾಗಿ ಕೂರುವುದೂ ಇಲ್ಲ, ಸ್ವಲ್ಪ ಪಕ್ಕಕ್ಕೆ. ಈ ಮೂರೂ ಸೇರಿ ಪ್ರತಿ ಏಟಿಗೂ ಟ್ಯಾಪೆಟ್ಟನ್ನು ಸ್ವಲ್ಪ ತಿರುಗಿಸುತ್ತವೆ. ತಿರುಗುತ್ತಿದ್ದರೆ ಉಜ್ಜುವ ಜಾಗ ಬದಲಾಗುತ್ತಲೇ ಇರುತ್ತದೆ. ನಿಂತುಹೋದರೆ ಒಂದೇ ಗೆರೆಯ ಮೇಲೆ ಉಜ್ಜಿ ತಳ ಬಟ್ಟಲಾಗುತ್ತದೆ, ಬಟ್ಟಲಿನ ಅಂಚು ಲೋಬನ್ನು ಕೆರೆಯುತ್ತದೆ. ಒಮ್ಮೆ ಮೇಲಿನ ಗಟ್ಟಿ ಪದರ ಹೋಯಿತೆಂದರೆ ಮುಂದಿನದು ಬಲು ಬೇಗ.

ಸವೆದ ಲೋಬಿನಲ್ಲಿ ಆ ಇಳಿಜಾರು ಉಳಿದಿರುವುದಿಲ್ಲ, ಹೊಸ ಟ್ಯಾಪೆಟ್ ಅಲ್ಲಿ ತಿರುಗುವುದಿಲ್ಲ. ಹಾಗೆಯೇ ಹೊಸ ಕ್ಯಾಮಿಗೆ ಹಳೇ ಟ್ಯಾಪೆಟ್ ಕೂಡ ನಿಷಿದ್ಧ. ಕ್ಯಾಮ್ ಬದಲಾದರೆ ಎಂಟೂ ಟ್ಯಾಪೆಟ್ ಬದಲಾಗಬೇಕು. ಹಳೇ ಕ್ಯಾಮನ್ನೇ ಉಳಿಸಿಕೊಳ್ಳುವ ಎಂಜಿನ್ನಾದರೆ ಯಾವ ಲೋಬಿನದು ಯಾವ ಟ್ಯಾಪೆಟ್ ಎಂದು ಗುರುತು ಮಾಡಿ ಅಲ್ಲಲ್ಲಿಗೇ ವಾಪಸ್ ಹಾಕಬೇಕು.

ಮೂರನೇ_ಗೇರ್

ಹೊಸ ಪಾನಾ ಅವರೇ, ಪಕ್ಕದ ಕವರ್ ಇರುವುದೇ ಭಾಗ್ಯ. ಬೀಟಲ್ ಇಟ್ಟುಕೊಂಡವರನ್ನು ಕೇಳಿ, ಟ್ಯಾಪೆಟ್ ನೋಡ್ಬೇಕು ಅಂದ್ರೆ ಕ್ರ್ಯಾಂಕ್‌ಕೇಸನ್ನೇ ಎರಡು ಹೋಳು ಮಾಡ್ಬೇಕು. ಫೋರ್ಡ್ ಪಿಂಟೋ ಎಂಜಿನ್ನಿನ ಕ್ಯಾಮ್ ತಲೆ ಮೇಲೇ ಇರ್ತದೆ, ಆದ್ರೆ ಅದಕ್ಕೆ ಎಣ್ಣೆ ಚಿಮ್ಮಿಸುವ ಕೊಳವೆಯ ತೂತು ಕಟ್ಟಿಕೊಂಡ್ರೆ ಲೋಬ್ ಹೋಯ್ತು. ಕೊಳವೆ ನೋಡದೆ ಕ್ಯಾಮ್ ಮಾತ್ರ ಬದಲಿಸಿದವರು ಮತ್ತೆ ಅದೇ ಕೆಲಸಕ್ಕೆ ಕೂತಿದ್ದಾರೆ.

ಅದಕ್ಕೇ ಕೇಳುದು: ಎಂಟರಲ್ಲಿ ಐದನೆಯದೇ ಯಾಕೆ?

ಹಳೇ_ಸ್ಟೀರಿಂಗ್

ಎರಡು ಭಾನುವಾರ ಹಿಡೀತು. ಎಂಜಿನ್ ಇಳಿಸಿದೆ. ಎಣ್ಣೆಯಲ್ಲಿ ಸಿಕ್ಕಿದ ಬೂದುಪುಡಿ ಅಯಸ್ಕಾಂತಕ್ಕೆ ಮೀಸೆ ಹಾಗೆ ಅಂಟ್ಕೊಂಡಿತು.

ಮ್ಯಾನಿಫೋಲ್ಡ್, ಕಾರ್ಬೊರೇಟರ್ ತೆಗೆದ ಮೇಲೆ ಟ್ಯಾಪೆಟ್ ಕವರ್ ಎರಡೂ ಬಂತು. ಪುಶ್‌ರಾಡ್ ಮೇಲೆಳೆದು ಟ್ಯಾಪೆಟ್‌ಗಳನ್ನ ಬೆರಳಲ್ಲೇ ಎತ್ತಬಹುದು. ಏಳು ಹಾಗೇ ಬಂದವು. ಐದನೇದು ಬರಲಿಲ್ಲ. ಸೀಮೆಎಣ್ಣೆ ಹಾಕಿ ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಅತ್ತಿತ್ತ ಅಲ್ಲಾಡಿಸಿ ಎಳೆದಾಗ ಬಂತು. ತಳದಲ್ಲಿ ಬಟ್ಟಲು, ಉಗುರು ಸಿಕ್ಕಿಕೊಳ್ಳುವಷ್ಟು ಆಳ. ಪಕ್ಕದ ಮೈಯೆಲ್ಲಾ ಬೆಲ್ಲದ ಪಾಕ ಒಣಗಿದ ಹಾಗೆ ಕಂದು ಅಂಟು, ಬೋರ್ ಒಳಗೂ ಅದೇ. ಎಂಟನೇದರ ತಳದಲ್ಲಿ ಒಂದೇ ಕಡೆ ಗೆರೆ ಬಿದ್ದಿದೆ. ಉಳಿದ ಆರರ ತಳದಲ್ಲಿ ಗುರುತು ಗುಂಡಗೆ, ಸುತ್ತಾ ಸಮ.

ಮೂರನೇ ಗೇರ್ ಅವರ ಪ್ರಶ್ನೆಗೆ ಇದೇ ಉತ್ತರ ಅನ್ಸತ್ತೆ. ಇದು ತಿರುಗೋದು ಬಿಟ್ಟು ಎಷ್ಟು ಕಾಲ ಆಗಿತ್ತೋ.

ಬೆಂಚ್_ವೈಸ್

ಸರಿಯಾದ ಉತ್ತರ. ಆ ಬೋರನ್ನು ಸ್ವಚ್ಛ ಮಾಡದೆ ಹೊಸ ಕ್ಯಾಮ್ ಹಾಕಿದ್ದರೆ ಮತ್ತೆ ಅಲ್ಲೇ ಹೋಗುತ್ತಿತ್ತು. ಎಂಟೂ ಬೋರ್ ಅಂಟು ಕರಗಿಸಿ ತೊಳೆಯಿರಿ, ಮರಳುಕಾಗದ ತಗೊಂಡು ಬೋರ್ ದೊಡ್ಡದು ಮಾಡಬೇಡಿ. ಹೊಸ ಟ್ಯಾಪೆಟ್ಟಿಗೆ ಎಣ್ಣೆ ಸವರಿ ಬಿಟ್ಟರೆ ತನ್ನ ಭಾರಕ್ಕೇ ನಿಧಾನವಾಗಿ ಇಳಿಯಬೇಕು, ಬೆರಳಲ್ಲಿ ತಿರುಗಿಸಿದರೆ ಎಲ್ಲೂ ಹಿಡಿಯಬಾರದು.

ಕ್ಯಾಮ್ ಹೊರಗೆ ಬರುವ ಮೊದಲು ಡಿಸ್ಟ್ರಿಬ್ಯೂಟರ್ ಡ್ರೈವ್ ಶಾಫ್ಟ್ ತೆಗೆಯಬೇಕು. ಅದರ ತಲೆಯಲ್ಲಿ ಥ್ರೆಡ್ ಇದೆ, 5/16 ಯುಎನ್‌ಎಫ್ (ಇಂಚಿನ ಅಳತೆಯ ಸಣ್ಣ ಥ್ರೆಡ್) ಉದ್ದ ಬೋಲ್ಟ್ ತಿರುಗಿಸಿ ಎಳೆದರೆ ಬರುತ್ತದೆ. ಎಳೆಯುವ ಮೊದಲು ಒಂದನೇ ಪಿಸ್ಟನ್ ಕಂಪ್ರೆಷನ್ ಟಿಡಿಸಿಗೆ (ಪಿಸ್ಟನ್ ಅತಿ ಮೇಲಿರುವ ಸ್ಥಾನ) ತಂದು, ತಲೆಯ ಸೀಳು ಯಾವ ಕಡೆ ನೋಡುತ್ತಿದೆ ಎಂದು ಫೋಟೋ ತೆಗೆದಿಡಿ. ವಾಪಸ್ ಹಾಕುವಾಗ ಹಲ್ಲು ಕಚ್ಚುತ್ತಾ ಅದು ತಿರುಗುತ್ತದೆ, ಒಂದು ಹಲ್ಲು ಆಚೀಚೆ ಆಗುವುದು ಸುಲಭ. ಕೆಳಗೆ ಚೇಂಬರ್ (ಎಣ್ಣೆ ತಟ್ಟೆ) ಬಿಚ್ಚಿ ಆಯಿಲ್ ಪಂಪ್ ಮತ್ತು ಅದರ ಡ್ರೈವ್ ಕೂಡ ತೆಗೆಯಿರಿ. ಅಷ್ಟು ಕಬ್ಬಿಣದ ಪುಡಿ ಪಂಪ್ ಮೂಲಕವೇ ಹೋಗಿದೆ, ಅದನ್ನು ಬಿಚ್ಚಿ ನೋಡದೆ ಬಿಡಬೇಡಿ.

ಕ್ಯಾಮ್ ಎಳೆಯುವಾಗ ತಿರುಗಿಸುತ್ತಾ, ಎರಡು ಕೈಯಲ್ಲಿ. ಮೂರು ಬೇರಿಂಗ್ ಬುಶ್ಶಿನ ಬಿಳಿ ಲೋಹ ಮೆತ್ತಗಿದೆ, ಲೋಬಿನ ಅಂಚು ತಾಗಿದರೆ ಗೀರು. ಬುಶ್ ಬದಲಿಸುವ ಹಾಗಾದರೆ ಮೂರನ್ನೂ ಒಂದೇ ಗೆರೆಗೆ ರೀಮ್ ಮಾಡಿಸಬೇಕು, ಅದು ಮನೆಯಲ್ಲಿ ಆಗುವ ಕೆಲಸವಲ್ಲ.

ಹಳೇ_ಸ್ಟೀರಿಂಗ್

ಬುಶ್ ಅಳತೆ ಸರಿ ಬಂತು, ಬಿಟ್ಟೆ. ಪಂಪ್ ಒಳಗೆ ಗೀರು ಬಿದ್ದಿತ್ತು, ಬದಲಿಸ್ತೀನಿ. ಹಳೇ ಕ್ಯಾಮನ್ನೇ ರೀಗ್ರೈಂಡ್ ಮಾಡಿಸಿದ್ರೆ ಹೇಗೆ?

ಬೆಂಚ್_ವೈಸ್

ರೀಗ್ರೈಂಡ್ ಮಾಡುವಾಗ ಮೂಗಿಗೆ ಲೋಹ ಸೇರಿಸುವುದಿಲ್ಲ, ಬೆನ್ನಿನಿಂದ ತೆಗೆಯುತ್ತಾರೆ. ಎತ್ತರ ವಾಪಸ್ ಬರುವುದು ಹಾಗೆ. ಅಲ್ಪಸ್ವಲ್ಪ ಸವೆದ ಕ್ಯಾಮಿಗೆ ಒಳ್ಳೆಯ ಉಪಾಯ. ನಿಮ್ಮದರಲ್ಲಿ 2.4 ಮಿ.ಮೀ. ಹೋಗಿದೆ. ಅಷ್ಟು ಕೆಳಗಿಳಿದರೆ ಗಟ್ಟಿ ಪದರವೇ ಉಳಿಯುವುದಿಲ್ಲ. ಕೈಮುಗಿದು ಹೊಸದು ತಗೊಳ್ಳಿ.

ಪಾಯಿಂಟ್_ಕಂಡೆನ್ಸರ್

ಇದಕ್ಕೆಲ್ಲಾ ಕಾರಣ ಈಗಿನ ಎಣ್ಣೆ ಸ್ವಾಮಿ. ಝಿಂಕ್ ತೆಗೆದುಬಿಟ್ಟಿದ್ದಾರೆ, ಹಳೇ ಎಂಜಿನ್‌ಗಳು ಉಳಿಯಲ್ಲ.

ಎಣ್ಣೆ_ಕಡ್ಡಿ

ಆ ಮಾತಲ್ಲಿ ಅರ್ಧ ನಿಜ ಇದೆ. ಝಡ್‌ಡಿಡಿಪಿ ಅನ್ನೋ ಸತು ಮತ್ತು ರಂಜಕದ ಸಂಯುಕ್ತ ಲೋಬ್, ಟ್ಯಾಪೆಟ್ ನಡುವೆ ರಕ್ಷಣೆಯ ಪದರ ಕಟ್ಟತ್ತೆ. ಅದರ ರಂಜಕ ಕ್ಯಾಟಲಿಟಿಕ್ ಕನ್ವರ್ಟರನ್ನ ಹಾಳು ಮಾಡತ್ತೆ ಅಂತ 2004ರಲ್ಲಿ ಬಂದ ಎಪಿಐ (ಅಮೆರಿಕದ ಪೆಟ್ರೋಲಿಯಂ ಸಂಸ್ಥೆ) ಎಸ್‌ಎಂ ದರ್ಜೆಯಿಂದ ರಂಜಕಕ್ಕೆ 0.08% ಮಿತಿ ಹಾಕಿದರು. ಆದರೆ ಆ ಮಿತಿ ತೆಳು ಎಣ್ಣೆಗಳಿಗೆ, ಅಂದರೆ 5ಡಬ್ಲ್ಯು-30, 10ಡಬ್ಲ್ಯು-30 ಥರದವಕ್ಕೆ. 20ಡಬ್ಲ್ಯು-50ಗೆ ಅದು ಅನ್ವಯಿಸಲ್ಲ. ಹಾಗಂತ ಎಲ್ಲಾ 20ಡಬ್ಲ್ಯು-50ಯಲ್ಲೂ ಸತು ಧಾರಾಳವಾಗಿ ಇರತ್ತೆ ಅಂತಲೂ ಅಲ್ಲ, ಆ ಎಣ್ಣೆಯ ಡೇಟಾ ಶೀಟ್ ಓದಬೇಕು. ಬೇರೆ ಡಬ್ಬಿಯಿಂದ ಝಿಂಕ್ ಅಡಿಟಿವ್ ಸುರಿಯೋದು ನನಗೆ ಇಷ್ಟವಿಲ್ಲ. ಜಾಸ್ತಿ ಹಾಕಿದ್ರೆ ಜಾಸ್ತಿ ಒಳ್ಳೇದು ಅನ್ನೋ ವಸ್ತು ಅಲ್ಲ ಅದು.

ಮತ್ತೆ, ಈ ಗಾಡಿಯ ಐದನೇ ಟ್ಯಾಪೆಟ್ ಅಂಟಿಕೊಂಡಿತ್ತು. ಅದಕ್ಕೆ ಝಿಂಕ್ ಏನು ಮಾಡೀತು? ಆ ಕಂದು ಅಂಟು ಬಂದಿದ್ದು ಎಣ್ಣೆ ಬದಲಿಸದೆ ಗಾಡಿ ನಿಲ್ಲಿಸಿದ್ದರಿಂದ.

ಹಳೇ_ಸ್ಟೀರಿಂಗ್

ಒಪ್ಕೋತೀನಿ. ನನ್ನ ಕೈಗೆ ಬರೋ ಮುಂಚೆ ಗಾಡಿ ಆರು ವರ್ಷ ನಿಂತಿತ್ತು.

ಕ್ಯಾಮ್, ಎಂಟು ಟ್ಯಾಪೆಟ್, ಚೈನ್, ಪಂಪ್ ಬಂದಿವೆ. ಜೋಡಿಸುವಾಗ ಏನು ನೋಡ್ಕೋಬೇಕು?

ಬೆಂಚ್_ವೈಸ್

ಮುಂದಿನ ಲೊಕೇಟಿಂಗ್ ಪ್ಲೇಟಿನ ಬಿಳಿ ಲೋಹದ ಮುಖ ಕ್ಯಾಮ್ ಜರ್ನಲ್ (ಬುಶ್ಶಿನೊಳಗೆ ತಿರುಗುವ ದುಂಡು ಭಾಗ) ಕಡೆಗೆ. ಗೇರ್ ಹಾಕಿ ಬಿಗಿದ ಮೇಲೆ ಕ್ಯಾಮನ್ನು ಹಿಂದೆ ಮುಂದೆ ತಳ್ಳಿ ಆಟ ಅಳೆಯಿರಿ, 3ರಿಂದ 7 ಥೌ ಒಳಗಿರಲಿ. ಎರಡು ಗೇರಿನ ಚುಕ್ಕಿಗಳು ಎದುರುಬದುರು ಬರಬೇಕು. ಚೈನ್ ಹಾಕಿದ ಮೇಲೆ ಹ್ಯಾಂಡಲಲ್ಲಿ ಎರಡು ಸುತ್ತು ತಿರುಗಿಸಿ ಚುಕ್ಕಿ ಮತ್ತೆ ನೋಡಿ. ಕ್ರ್ಯಾಂಕ್ ಗೇರಿನ ಹಿಂದಿನ ಶಿಮ್ ಕಳೆಯಬೇಡಿ, ಎರಡು ಗೇರ್ ಒಂದೇ ಸಮತಲದಲ್ಲಿ ನಿಲ್ಲುವುದು ಅದರಿಂದ. ಆಯಿಲ್ ಥ್ರೋವರಿನ ಎಫ್ ಗುರುತು ಹೊರಗೆ ಕಾಣಬೇಕು. ಟೈಮಿಂಗ್ ಕವರ್ ಸ್ಕ್ರೂಗಳನ್ನು ಸಡಿಲ ಇಟ್ಟು, ಪುಲ್ಲಿ ತೂರಿಸಿ, ಸೀಲ್ ನಡುವಿಗೆ ಬಂದ ಮೇಲೆ ಬಿಗಿಯಿರಿ.

ಲೋಬಿಗೂ ಟ್ಯಾಪೆಟ್ ತಳಕ್ಕೂ ಮಾಲಿ ಪೇಸ್ಟ್ (ಮಾಲಿಬ್ಡಿನಂ ಬೆರೆತ ಜಾರುಪೇಸ್ಟ್), ಜರ್ನಲ್ಲಿಗೆ ಬರೀ ಎಂಜಿನ್ ಆಯಿಲ್. ಒಮ್ಮೆ ಪೇಸ್ಟ್ ಹಚ್ಚಿದ ಮೇಲೆ ಸುಮ್ಮನೆ ಖುಷಿಗೆ ಎಂಜಿನ್ ತಿರುಗಿಸುತ್ತಾ ಕೂರಬೇಡಿ, ಒರೆಸಿಹೋಗುತ್ತದೆ.

ಇನ್ನು ಮೊದಲ ಇಪ್ಪತ್ತು ನಿಮಿಷ. ಪ್ಲಗ್ ತೆಗೆದು ಸೆಲ್ಫ್ ಹೊಡೆದು ಆಯಿಲ್ ಪ್ರೆಷರ್ ಬರಿಸಿ. ಇಗ್ನಿಷನ್ ಟೈಮಿಂಗ್ ಮೊದಲೇ ಸೆಟ್ ಮಾಡಿ, ಕಾರ್ಬೊರೇಟರ್ ಬೌಲಿಗೆ ಪೆಟ್ರೋಲ್ ತುಂಬಿಸಿ, ರೇಡಿಯೇಟರ್ ಭರ್ತಿ ಇರಲಿ. ಸ್ಟಾರ್ಟ್ ಆದ ಕೂಡಲೇ 2000ದಿಂದ 2500 ಆರ್‌ಪಿಎಂಗೆ ಏರಿಸಿ, ಇಪ್ಪತ್ತು ನಿಮಿಷ ಅದರ ಆಸುಪಾಸಿನಲ್ಲೇ ಏರಿಳಿಸಿ. ಐಡ್ಲಿಂಗಿಗೆ ಬಿಡಬೇಡಿ. ಲೋಬುಗಳಿಗೆ ಎಣ್ಣೆ ಸಿಗುವುದು ಬಹುಪಾಲು ಕ್ರ್ಯಾಂಕ್ ಎರಚುವುದರಿಂದ, ಐಡ್ಲಿಂಗಲ್ಲಿ ಆ ಎರಚಲು ಸಾಲದು. ಮಧ್ಯೆ ಎಲ್ಲಾದರೂ ಸೋರಿದರೆ ಎಂಜಿನ್ ಆಫ್ ಮಾಡಿ, ಸರಿ ಮಾಡಿ, ಮತ್ತೆ ನೇರ 2000ಕ್ಕೆ. ಮುಗಿದ ಮೇಲೆ ಎಣ್ಣೆ, ಫಿಲ್ಟರ್ ಎರಡೂ ಬದಲಿಸಿ.

ಹಳೇ_ಸ್ಟೀರಿಂಗ್

ಸ್ಟಾರ್ಟ್ ಆಯ್ತು! ಎರಡನೇ ಸೆಲ್ಫಿಗೇ ಹಿಡೀತು. ಇಪ್ಪತ್ತು ನಿಮಿಷ ಆಕ್ಸಿಲರೇಟರ್ ಹಿಡಿದು ಕೂರೋದು ಎಷ್ಟು ಉದ್ದ ಅಂತ ಇವತ್ತು ಗೊತ್ತಾಯ್ತು. ಹೊಸ ಪೇಂಟ್ ಸುಟ್ಟ ಹೊಗೆ ಬಂದಾಗ ಎರಡು ಸಲ ಎದೆ ಝಲ್ಲಂತು.

ಆಮೇಲೆ ಐಡ್ಲಿಂಗಿಗೆ ಇಳಿಸಿ ರಾಕರ್ ಕವರ್ ತೆಗೆದೆ. ಟ್ಯಾಪೆಟ್ ತಿರುಗಿದರೆ ಪುಶ್‌ರಾಡೂ ತಿರುಗತ್ತೆ ಅಂತ ಪುಶ್‌ರಾಡ್‌ಗಳಿಗೆ ಮೊದಲೇ ಬಿಳಿ ಚುಕ್ಕೆ ಇಟ್ಟಿದ್ದೆ. ಮುಖಕ್ಕೆ ಎಣ್ಣೆ ಸಿಡಿಸಿಕೊಂಡು ಟಾರ್ಚ್ ಹಿಡಿದು ನೋಡಿದರೆ ಚುಕ್ಕೆಗಳು ಒಂದೊಂದಾಗಿ ಮರೆಯಾಗಿ ಮತ್ತೆ ಬರ್ತಿವೆ. ಐದನೇದು ಉಳಿದವಕ್ಕಿಂತ ಕೊಂಚ ಸಾವಕಾಶ, ಆದರೆ ತಿರುಗ್ತಿದೆ.

ಮೂರನೇ_ಗೇರ್

ತಿರುಗಿದ್ರೆ ಆಯ್ತು ಮಾರಾಯ್ರೆ. ಎಂಟೂ ಒಂದೇ ವೇಗಕ್ಕೆ ತಿರುಗುದಿಲ್ಲ. ಕೆಮ್ಮು?

ಹಳೇ_ಸ್ಟೀರಿಂಗ್

ಕೆಮ್ಮು ಇಲ್ಲ. ಅದೇ ಏರು, ಟಾಪ್ ಗೇರಲ್ಲೇ ಹತ್ತಿತು. 500 ಕಿ.ಮೀ. ಆದ ಮೇಲೆ ಮತ್ತೆ ಡಯಲ್ ಗೇಜ್ ಇಟ್ಟೆ: 6.08, 6.09, 6.08, 6.07, 6.08, 6.09, 6.08, 6.07. ಪಾಯಿಂಟ್ ಕಂಡೆನ್ಸರ್ ಸರ್, ಗೇಜ್ ಈ ವಾರ ವಾಪಸ್ ಕಳಿಸ್ತೀನಿ. ಮ್ಯಾನಿಫೋಲ್ಡ್ ಗ್ಯಾಸ್ಕೆಟ್ಟೂ ಹರಿದಿತ್ತು, ಹೊಸದು ಹಾಕಿದೆ.

ಪಾಯಿಂಟ್_ಕಂಡೆನ್ಸರ್

ನೋಡಿದ್ರಾ!! ನಾನು ಮೊದಲೇ ಹೇಳಿದ್ದೆ.

ಹಳೇ_ಸ್ಟೀರಿಂಗ್

:) ಇನ್ನೊಂದು ವಿಷಯ. ಮುಂದೆ ಪುಲ್ಲಿ ಹಿಂದಿನಿಂದ ಎಣ್ಣೆ ಜಿನುಗ್ತಿದೆ, ರಾತ್ರಿ ನಿಲ್ಲಿಸಿದರೆ ಬೆಳಿಗ್ಗೆ ನೆಲದಲ್ಲಿ ಒಂದು ಮಚ್ಚೆ. ಬೆಂಚ್ ವೈಸ್ ಸರ್, ಪುಲ್ಲಿ ತೂರಿಸಿ ಆಮೇಲೆ ಕವರ್ ಬಿಗೀರಿ ಅಂದಿದ್ರಿ. ನಾನು ಕವರ್ ಮೊದಲೇ ಬಿಗಿದು, ಪುಲ್ಲೀನ ಬಡಿದು ಕೂರಿಸಿದ್ದೆ.

ಬೆಂಚ್_ವೈಸ್

ಸೀಲಿನ ತುಟಿ ಒಂದು ಕಡೆ ಮಡಚಿರುತ್ತದೆ. ಹೊಸ ಸೀಲ್ ತಗೊಳ್ಳಿ, ಹಾಕುವ ಮೊದಲು ತುಟಿಗೆ ಎಣ್ಣೆ ಸವರಿ.

ಹಳೇ_ಸ್ಟೀರಿಂಗ್

ಸರಿ ಸರ್. ಶನಿವಾರ ಮತ್ತೆ ರೇಡಿಯೇಟರ್ ಇಳಿಸ್ತೀನಿ.